ಕನ್ನಡಿಯಲ್ಲಿ ಕಂಡ ಬಾನು: ವಿಲಿಯಂ ಹರ್ಷೆಲ್

ವಿಲಿಯಂ ಹರ್ಷೆಲನ ಹೆಸರನ್ನು ಶಾಲೆಯ ಪುಸ್ತಕಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ: 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನು. ವಾಕ್ಯವೇನೋ ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ, ಯಾವುದೋ ಒಂದು ರಾತ್ರಿ ಅದೃಷ್ಟವಂತನೊಬ್ಬನು ತಲೆಯೆತ್ತಿ ನೋಡಿದನು, ಹೊಸ ಗ್ರಹವೊಂದು ಅವನ ಕಣ್ಣಿಗೆ ಬಿದ್ದಿತು ಎಂಬ ಭಾವನೆ ಬರುವುದು ಸಹಜವೇ. ಸಾಹಿತ್ಯದ ಪಾಠ ಹೇಳುವವನಿಗೆ ಖಗೋಳಶಾಸ್ತ್ರಜ್ಞನ ಚರಿತ್ರೆಯೇಕೆ ಎಂದು ವಾಚಕರು ಕೇಳಬಹುದು. ಆತನ ಬಾಳಿನ ವಿವರಗಳನ್ನು ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದುದು ಒಂದು ಲೋಹದ ಕನ್ನಡಿ. ಆ ಕನ್ನಡಿಯನ್ನು ಉಜ್ಜುತ್ತ ಕುಳಿತ ಅಣ್ಣನ ಬಾಯಿಗೆ ತುತ್ತಿಡುತ್ತಿದ್ದ ಒಬ್ಬ ತಂಗಿ. ಗ್ರಹದ ಕಥೆ ಆಮೇಲಿನದು.

ಜರ್ಮನಿಯ ಹನೋವರ್ ಪಟ್ಟಣದಲ್ಲಿ 1738ರ ನವೆಂಬರ್ 15ರಂದು ಹರ್ಷೆಲನು ಜನಿಸಿದನು. ತಂದೆ ಐಸಾಕನು ಸೈನ್ಯದ ವಾದ್ಯವೃಂದದಲ್ಲಿ ಓಬೊ ನುಡಿಸುತ್ತಿದ್ದವನು. ನಮ್ಮ ಮುಖವೀಣೆಯ ಕುಲಕ್ಕೆ ಸೇರಿದ ಸುಷಿರವಾದ್ಯವದು. ಮನೆಯಲ್ಲಿ ಬಡತನವಿದ್ದರೂ ಸಂಗೀತಕ್ಕೂ ಮಾತುಕತೆಗೂ ಬರವಿರಲಿಲ್ಲ; ಗ್ರಹನಕ್ಷತ್ರಗಳ ವಿಷಯದಲ್ಲಿ ತಂದೆಗೆ ಸ್ವಲ್ಪ ಆಸಕ್ತಿಯೂ ಇದ್ದಿತು. ಮಗನು ಹದಿನಾಲ್ಕನೆಯ ವಯಸ್ಸಿಗೇ ಅದೇ ವಾದ್ಯವೃಂದವನ್ನು ಸೇರಿದನು. ಆ ಕಾಲದಲ್ಲಿ ಹನೋವರಿಗೂ ಇಂಗ್ಲೆಂಡಿಗೂ ದೊರೆ ಒಬ್ಬನೇ. 1757ರಲ್ಲಿ ಫ್ರೆಂಚರೊಡನೆ ಹಾಸ್ಟೆನ್‌ಬೆಕ್ ಎಂಬಲ್ಲಿ ನಡೆದ ಯುದ್ಧದಲ್ಲಿ ಹನೋವರಿನ ಪಕ್ಷ ಸೋತುಹೋಯಿತು. ಮಳೆ ಕೆಸರುಗಳ ನಡುವೆ ಪಾಡುಪಡುತ್ತಿದ್ದ ಮಗನನ್ನು ಕಂಡು ತಂದೆಯೇ ಅವನನ್ನು ಅಲ್ಲಿಂದ ಪಾರುಮಾಡಿದನು. ಆ ವರ್ಷದ ಕೊನೆಗೆ ಹರ್ಷೆಲನು ತನ್ನ ಅಣ್ಣನೊಡನೆ ಇಂಗ್ಲೆಂಡಿಗೆ ಬಂದು, ಲಂಡನ್ನಿನಲ್ಲಿ ಸ್ವರಲಿಪಿಯ ಹಾಳೆಗಳನ್ನು ನಕಲುಮಾಡಿಕೊಟ್ಟು ಹೊಟ್ಟೆಹೊರೆಯತೊಡಗಿದನು.

ಅವನು ಸೈನ್ಯದಿಂದ ಓಡಿಹೋದವನೆಂದೂ, ಗ್ರಹವನ್ನು ಕಂಡುಹಿಡಿದ ಮೇಲೆ ದೊರೆಯು ಮೊದಲು ಅವನ ಕೈಗೆ ಕ್ಷಮಾಪತ್ರವನ್ನಿತ್ತು ಆಮೇಲೆ ಮಾತನಾಡಿಸಿದನೆಂದೂ ಒಂದು ಕಥೆಯುಂಟು. ಕಥೆ ಸೊಗಸಾಗಿದೆ, ನಾಟಕ ಬರೆಯುವವರಿಗೆ ಒದಗುವಂತೆಯೂ ಇದೆ. ಆದರೆ 1762ರಲ್ಲಿಯೇ ಅವನಿಗೆ ಸೈನ್ಯದಿಂದ ಕ್ರಮವಾದ ಬಿಡುಗಡೆಪತ್ರ ದೊರಕಿದ್ದಿತು. ಮಹಾಪುರುಷರ ಚರಿತ್ರೆಗಳಲ್ಲಿ ಇಂಥ ಅಲಂಕಾರಗಳನ್ನು ಕಳಚಿ ನೋಡಿದರೆ ಒಳಗಿನ ಮೈ ಇನ್ನೂ ಚೆನ್ನಾಗಿಯೇ ಕಾಣುತ್ತದೆ.

ಇಂಗ್ಲೆಂಡಿನ ಉತ್ತರಭಾಗದ ಊರೂರುಗಳಲ್ಲಿ ಪಾಠ ಹೇಳುತ್ತ, ಕಚೇರಿ ಮಾಡುತ್ತ ಕೆಲವು ವರ್ಷ ಕಳೆದ ಮೇಲೆ 1766ರಲ್ಲಿ ಅವನು ಬಾತ್ ನಗರದ ಆಕ್ಟಗನ್ ಚಾಪೆಲ್ಲಿನಲ್ಲಿ ಆರ್ಗನ್ ವಾದಕನಾಗಿ ನೇಮಕಗೊಂಡನು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಆ ನಗರಕ್ಕೆ ಸಿರಿವಂತರು ಹಿಂಡುಹಿಂಡಾಗಿ ಬರುತ್ತಿದ್ದರು. ಸಂಗೀತಗಾರನಿಗೆ ಕೈತುಂಬ ಕೆಲಸ. ಕೆಲವು ಕಾಲ ವಾರಕ್ಕೆ ಮೂವತ್ತಕ್ಕೂ ಹೆಚ್ಚು ಪಾಠಗಳನ್ನು ಹೇಳುತ್ತಿದ್ದನೆಂದರೆ ಅವನ ಜೀವನ ಹೇಗಿದ್ದಿತೆಂದು ಊಹಿಸಿಕೊಳ್ಳಬಹುದು. ಅವನು ರಚಿಸಿದ ಸಿಂಫನಿಗಳೇ ಇಪ್ಪತ್ತನಾಲ್ಕು. ಅವನು ಅಲ್ಲಿಗೇ ನಿಂತಿದ್ದರೂ ಸಂಗೀತದ ಚರಿತ್ರೆಯ ಒಂದು ಅಡಿಟಿಪ್ಪಣಿಯಲ್ಲಾದರೂ ಉಳಿಯುತ್ತಿದ್ದನು.

ಸಂಗೀತವೇ ಅವನನ್ನು ಆಕಾಶದ ಕಡೆಗೆ ಕರೆದೊಯ್ದಿತು. ಸ್ವರಗಳ ಗಣಿತವನ್ನು ಅರಿಯಬೇಕೆಂದು ಅವನು ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನು ಬರೆದ ಸ್ವರಶಾಸ್ತ್ರದ ಗ್ರಂಥವನ್ನು ಓದಿದನು. ಅದೇ ಸ್ಮಿತ್ ದೃಗ್ವಿಜ್ಞಾನದ ಮೇಲೆಯೂ ಒಂದು ಗ್ರಂಥ ಬರೆದಿದ್ದನು. ಹರ್ಷೆಲನು ಅದನ್ನೂ ಓದಿದನು. ದೂರದರ್ಶಕಗಳನ್ನು ಮಾಡುವ ಬಗೆ ಅದರಲ್ಲಿದ್ದಿತು. 1773ರಲ್ಲಿ, ತನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ಫರ್ಗ್ಯುಸನ್ನನ ಖಗೋಳಶಾಸ್ತ್ರದ ಪುಸ್ತಕವೊಂದನ್ನು ಕೊಂಡುತಂದನು. ಆ ವಯಸ್ಸಿಗೆ ನಮ್ಮಲ್ಲಿ ಅನೇಕರು ಹೊಸದೇನನ್ನಾದರೂ ಕಲಿಯುವ ಆಸೆಯನ್ನು ಕಟ್ಟಿ ಅಟ್ಟಕ್ಕೆ ಹಾಕಿರುತ್ತೇವೆ. ಅವನಿಗೆ ಇನ್ನೊಬ್ಬರು ನೋಡಿದುದನ್ನು ಓದಿ ತೃಪ್ತಿಯಾಗಲಿಲ್ಲ; ತಾನೇ ನೋಡಬೇಕೆನಿಸಿತು.

ದೂರದರ್ಶಕದ ಕೆಲಸವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ದೂರದ ವಸ್ತುವನ್ನು ದೊಡ್ಡದುಮಾಡಿ ತೋರಿಸುವುದೇ ಅದರ ಕೆಲಸವೆಂಬುದು ಲೋಕರೂಢಿ. ಅದು ಅರ್ಧಸತ್ಯ. ಅದರ ಮೊದಲ ಕೆಲಸ ಬೆಳಕನ್ನು ಕೂಡಿಹಾಕುವುದು. ಕತ್ತಲೆಯಲ್ಲಿ ಚೆನ್ನಾಗಿ ಅರಳಿದ ನಮ್ಮ ಕಣ್ಣಿನ ಪಾಪೆಯ ಅಡ್ಡಳತೆ ಸುಮಾರು ಏಳು ಮಿಲಿಮೀಟರು. ಒಂದು ನಕ್ಷತ್ರದಿಂದ ಸುರಿಯುವ ಬೆಳಕಿನಲ್ಲಿ ಆ ಕಿರಿಯ ಕಿಂಡಿಯೊಳಗೆ ಬಿದ್ದಷ್ಟು ಮಾತ್ರ ನಮ್ಮದು. ಮಳೆಯ ನೀರಿಗೆ ಕಾಳಜಿಯಿಂದ ಅಗಲವಾದ ಕೊಪ್ಪರಿಗೆಯನ್ನಿಡುವಂತೆ, ಬೆಳಕಿಗೆ ಅಗಲವಾದ ಮಸೂರವನ್ನೋ ಕನ್ನಡಿಯನ್ನೋ ಒಡ್ಡಿ, ಅಲ್ಲಿ ಬಿದ್ದುದೆಲ್ಲವನ್ನೂ ಒಂದು ಬಿಂದುವಿಗೆ ತಂದು ಕಣ್ಣಿಗೆ ಕೊಟ್ಟರೆ, ಮೊದಲು ಕಾಣದಿದ್ದ ಮಂಕು ನಕ್ಷತ್ರಗಳು ಕಾಣತೊಡಗುತ್ತವೆ. ಅಡ್ಡಳತೆ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು. ಅಡ್ಡಳತೆ ಹೆಚ್ಚಿದಷ್ಟೂ, ಒಂದಕ್ಕೊಂದು ಅಂಟಿಕೊಂಡಂತಿರುವ ಎರಡು ಬಿಂದುಗಳನ್ನು ಬಿಡಿಸಿ ತೋರಿಸುವ ಶಕ್ತಿಯೂ ಹೆಚ್ಚುತ್ತದೆ. ಹಿಗ್ಗಿಸುವುದು ಇವೆರಡೂ ಆದಮೇಲಿನ ಕೆಲಸ. ಅದನ್ನು ಕಣ್ಣಿನ ಬಳಿಯಿರುವ ಚಿಕ್ಕ ಮಸೂರ ಮಾಡುತ್ತದೆ.

ಗೆಲಿಲಿಯೋ 1609ರಲ್ಲಿ ಆಕಾಶಕ್ಕೆ ತಿರುಗಿಸಿದುದು ಮಸೂರಗಳ ದೂರದರ್ಶಕ. ಮಸೂರಕ್ಕೆ ಒಂದು ದೋಷವುಂಟು. ಬೆಳಕಿನ ಬೇರೆಬೇರೆ ಬಣ್ಣಗಳನ್ನು ಅದು ಬೇರೆಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಬಿಂಬದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಕನ್ನಡಿಯಾದರೋ ಎಲ್ಲ ಬಣ್ಣಗಳನ್ನೂ ಒಂದೇ ರೀತಿಯಲ್ಲಿ ಹಿಂದಿರುಗಿಸುತ್ತದೆ. ಇದನ್ನರಿತ ನ್ಯೂಟನ್ನನು 1668ರಲ್ಲಿಯೇ ಕನ್ನಡಿಯ ದೂರದರ್ಶಕವೊಂದನ್ನು ಮಾಡಿದ್ದನು. ಹರ್ಷೆಲನೂ ಮೊದಲು ಮಸೂರಗಳನ್ನೇ ಉದ್ದನೆಯ ಕೊಳವೆಗಳಿಗೆ ಜೋಡಿಸಿ ಹೆಣಗಿದನು. ಆಮೇಲೆ ಕನ್ನಡಿಯ ಚಿಕ್ಕ ಯಂತ್ರವೊಂದನ್ನು ಬಾಡಿಗೆಗೆ ತಂದನು. ದೊಡ್ಡ ಕನ್ನಡಿಯ ಬೆಲೆಯನ್ನು ವಿಚಾರಿಸಿದಾಗ ಅದು ತನ್ನ ಕೈಗೆ ಎಟಕುವಂಥದಲ್ಲವೆಂದು ತಿಳಿಯಿತು. ಬಾತ್ ನಗರದಲ್ಲಿ ಕನ್ನಡಿ ಉಜ್ಜುವ ಹವ್ಯಾಸವಿದ್ದ ಒಬ್ಬನು ತನ್ನ ಹತಾರಗಳನ್ನೂ ಅರ್ಧ ಮುಗಿದ ಕೆಲಸಗಳನ್ನೂ ಮಾರುವವನಿದ್ದನು. ಹರ್ಷೆಲನು ಎಲ್ಲವನ್ನೂ ಕೊಂಡು ಮನೆಗೆ ಸಾಗಿಸಿದನು.

ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಕ್ಯಾರೊಲಿನಳಿದ್ದಳು.

ಹನ್ನೊಂದು ವರ್ಷ ಕಿರಿಯಳಾದ ಈ ತಂಗಿಯ ಬಾಲ್ಯವನ್ನು ನೆನೆದರೆ ಮನಸ್ಸು ಮುದುಡುತ್ತದೆ. ಎಳೆತನದಲ್ಲಿ ಸಿಡುಬು ಮುಖದ ಮೇಲೆ ಕಲೆ ಉಳಿಸಿತು. ಹತ್ತನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರ ಬೆಳವಣಿಗೆಯನ್ನೇ ತಡೆಯಿತು. ಆಕೆಯ ಎತ್ತರ ನಾಲ್ಕಡಿ ಮೂರಂಗುಲಕ್ಕೆ ನಿಂತುಹೋಯಿತು. ರೂಪವೂ ಹಣವೂ ಇಲ್ಲದ ಮಗಳಿಗೆ ಮದುವೆಯ ಆಸೆ ಬೇಡವೆಂದು ತಂದೆ ಮೊದಲೇ ತಿಳಿಸಿಬಿಟ್ಟನು. ಹೆಣ್ಣಿಗೆ ಓದು ಬೇಡ, ಮನೆಗೆಲಸ ಸಾಕು ಎಂಬುದು ತಾಯಿಯ ಮತ. ತಂದೆ ತೀರಿಕೊಂಡ ಮೇಲೆ ಆಕೆ ಆ ಮನೆಯಲ್ಲಿ ಸಂಬಳವಿಲ್ಲದ ಆಳಾದಳು. 1772ರಲ್ಲಿ ಹರ್ಷೆಲನು ಹನೋವರಿಗೆ ಹೋಗಿ ಆಕೆಯನ್ನು ಕರೆತಂದನು. ಮಗಳು ಮಾಡುತ್ತಿದ್ದ ಕೆಲಸಕ್ಕೆ ಬೇರೊಬ್ಬಳನ್ನು ಇಟ್ಟುಕೊಳ್ಳುವಷ್ಟು ಹಣವನ್ನು ವರ್ಷವರ್ಷವೂ ಕಳುಹಿಸುತ್ತೇನೆಂದು ಒಪ್ಪಿಕೊಂಡ ಮೇಲೆಯೇ ತಾಯಿ ಆಕೆಯನ್ನು ಬಿಟ್ಟುಕೊಟ್ಟದ್ದು.

ಬಾತ್ ನಗರದಲ್ಲಿ ಆಕೆ ಹಾಡುವುದನ್ನು ಕಲಿತಳು. ಹ್ಯಾಂಡೆಲ್ಲನ ಕೃತಿಗಳಲ್ಲಿ ಮುಖ್ಯ ಗಾಯಕಿಯಾಗಿ ಹಾಡುವಷ್ಟು ಮುಂದುವರಿದಳು. 1778ರಲ್ಲಿ ಬರ್ಮಿಂಗ್‌ಹ್ಯಾಮಿನ ಸಂಗೀತೋತ್ಸವಕ್ಕೆ ಆಕೆಗೆ ಕರೆ ಬಂದಿತು. ಅಣ್ಣನ ನಿರ್ದೇಶನದಲ್ಲಲ್ಲದೆ ಇನ್ನೊಬ್ಬರ ಕೈಕೆಳಗೆ ಹಾಡಲಾರೆನೆಂದು ಆಕೆ ನಿರಾಕರಿಸಿದಳು. ಅಣ್ಣನೋ ಆ ವೇಳೆಗೆ ಸಂಗೀತದಿಂದ ಕಾಲು ತೆಗೆಯುತ್ತಲಿದ್ದನು. ತನ್ನದಾಗಿ ಸಂಪಾದಿಸಿಕೊಂಡ ಒಂದೇ ಒಂದು ವಿದ್ಯೆಯನ್ನು ಆಕೆ ಹೀಗೆ ಬಿಟ್ಟುಕೊಟ್ಟಳು. ಇದನ್ನು ತ್ಯಾಗವೆಂದು ಹಾಡಿಹೊಗಳುವುದು ಸುಲಭ. ನನಗೆ ಅದರಲ್ಲಿ ಒಂದು ನೋವು ಕಾಣುತ್ತದೆ. ಆಕೆಯೇ ಮುಂದೆ ಬರೆದ ನೆನಪುಗಳಲ್ಲಿಯೂ ಆ ನೋವಿನ ಸುಳಿವು ಇಲ್ಲದೆ ಇಲ್ಲ.

ಮನೆಯ ಕೋಣೆಗಳೆಲ್ಲ ಕಾರ್ಖಾನೆಯಾದವು. ಅಂದಿನ ಕನ್ನಡಿ ಇಂದಿನಂತೆ ಗಾಜಿನದಲ್ಲ. ತಾಮ್ರ ತವರಗಳನ್ನು ಬೆರಸಿ ಎರಕಹೊಯ್ದ ಬಿಳುಪು ಲೋಹ. ತವರ ಹೆಚ್ಚಿದರೆ ಹೊಳಪು ಹೆಚ್ಚು, ಆದರೆ ಗಾಜಿನಂತೆ ಒಡೆಯುತ್ತದೆ. ತಾಮ್ರ ಹೆಚ್ಚಿದರೆ ಗಟ್ಟಿ, ಆದರೆ ಮಂಕು. ಎರಕದ ಅಚ್ಚಿಗೆ ಕುದುರೆಯ ಲದ್ದಿ ಬೆರೆಸಿದ ಮಣ್ಣು ಬೇಕು. ಅದನ್ನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿಯುವುದು ಕ್ಯಾರೊಲಿನಳ ಪಾಲಿನ ಕೆಲಸ. ಎರಕವಾದ ಬಿಲ್ಲೆಯನ್ನು ತೇದು, ನಡುವೆ ಕೂದಲೆಳೆಗಿಂತಲೂ ಸೂಕ್ಷ್ಮವಾದ ಲೆಕ್ಕದಲ್ಲಿ ತಗ್ಗಿಸಿ, ಪರವಲಯದ ಆಕಾರಕ್ಕೆ ತರಬೇಕು. ಕೊನೆಯ ಹೊಳಪು ಕೊಡುವಾಗ ಕೈ ನಿಲ್ಲಿಸಿದರೆ ಮೈ ಕೆಡುತ್ತದೆಂದು ಒಮ್ಮೆ ಹರ್ಷೆಲನು ಹದಿನಾರು ಗಂಟೆಗಳ ಕಾಲ ಕೈತೆಗೆಯದೆ ಉಜ್ಜಿದನಂತೆ. ತಂಗಿ ಪಕ್ಕದಲ್ಲಿ ನಿಂತು ಚೂರುಚೂರಾಗಿ ಆಹಾರವನ್ನು ಅವನ ಬಾಯಿಗಿಡುತ್ತಿದ್ದಳು. ಬೇಸರ ಕಳೆಯಲು ಡಾನ್ ಕ್ವಿಕ್ಸೋಟನ ಕಥೆಯನ್ನೋ ಅರೇಬಿಯದ ಕಥೆಗಳನ್ನೋ ಓದಿ ಹೇಳುತ್ತಿದ್ದಳು. ಸಾಹಿತ್ಯಕ್ಕೆ ಇಂಥ ಒಂದು ಉಪಯೋಗವೂ ಉಂಟೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವುದುಂಟು.

1774ರ ಮಾರ್ಚ್ 1ರಂದು, ತಾನೇ ಮಾಡಿದ ಯಂತ್ರದಿಂದ ಅವನು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನು ನೋಡಿದನು. ಪುಸ್ತಕದಲ್ಲಿ ಬರೆದಿದ್ದ ಆಕಾರಕ್ಕೂ ತನ್ನ ಕಣ್ಣಿಗೆ ಕಂಡದ್ದಕ್ಕೂ ಹೊಂದಾಣಿಕೆ ಇಲ್ಲವೆಂದು ದಿನಚರಿಯಲ್ಲಿ ಗುರುತಿಸಿಕೊಂಡನು. ಆಮೇಲೆ ಒಂದು ಕ್ರಮವನ್ನು ಹಿಡಿದನು: ಆಕಾಶದಲ್ಲಿ ತನಗೆ ಬೇಕಾದುದನ್ನಷ್ಟೇ ಆರಿಸಿ ನೋಡದೆ, ಒಂದಾದ ಮೇಲೊಂದು ನಕ್ಷತ್ರವನ್ನೂ ಬಿಡದೆ ನೋಡುವುದು. ಸಂಜೆ ಕಚೇರಿಯ ನಡುವಿನ ವಿರಾಮದಲ್ಲಿಯೂ ಹೊರಗೆ ಓಡಿಬಂದು ಕೊಳವೆಗೆ ಕಣ್ಣಿಡುತ್ತಿದ್ದನೆಂದು ಹೇಳುತ್ತಾರೆ. 1779ರ ಡಿಸೆಂಬರಿನಲ್ಲಿ ಬೀದಿಯಲ್ಲಿ ನಿಂತು ಚಂದ್ರನನ್ನು ನೋಡುತ್ತಿದ್ದಾಗ, ಆ ದಾರಿಯಲ್ಲಿ ಬಂದ ವಿಲಿಯಂ ವಾಟ್ಸನ್ ಎಂಬ ವೈದ್ಯನು ತನಗೂ ನೋಡಲು ಅವಕಾಶ ಕೇಳಿದನು. ಆ ಪರಿಚಯದಿಂದಲೇ ಹರ್ಷೆಲನಿಗೆ ವಿದ್ವಾಂಸರ ಲೋಕದ ಬಾಗಿಲು ತೆರೆಯಿತು.

1781ರ ಮಾರ್ಚ್ 13ರ ರಾತ್ರಿ, ಹತ್ತರಿಂದ ಹನ್ನೊಂದರ ನಡುವೆ, ನ್ಯೂ ಕಿಂಗ್ ಸ್ಟ್ರೀಟಿನ ಮನೆಯ ಹಿತ್ತಲಿನಲ್ಲಿ ಆ ಕ್ರಮ ಫಲ ಕೊಟ್ಟಿತು. ಯಂತ್ರ ಏಳಡಿಯದು, ಕನ್ನಡಿಯ ಅಡ್ಡಳತೆ ಆರು ಅಂಗುಲಕ್ಕೆ ತುಸು ಹೆಚ್ಚು. ಅಂದರೆ ಬರಿಗಣ್ಣಿನ ಪಾಪೆಗಿಂತ ಸುಮಾರು ಐನೂರರಷ್ಟು ವಿಸ್ತಾರ. ವೃಷಭ ಮಿಥುನಗಳ ನಡುವೆ ಕಂಡ ಒಂದು ನಕ್ಷತ್ರ ಬಿಂದುವಾಗಿರದೆ ಚಿಕ್ಕ ಬಿಲ್ಲೆಯಂತಿದ್ದಿತು. ನಕ್ಷತ್ರಗಳು ಎಷ್ಟೊಂದು ದೂರದಲ್ಲಿವೆಯೆಂದರೆ ಎಷ್ಟು ಹಿಗ್ಗಿಸಿದರೂ ಅವು ಅದಕ್ಕೆ ತಕ್ಕಂತೆ ಹಿಗ್ಗುವುದಿಲ್ಲ. ಹರ್ಷೆಲನು ಕಣ್ಣುಮಸೂರಗಳನ್ನು ಬದಲಿಸಿ 227ರಿಂದ 460ಕ್ಕೆ, ಅಲ್ಲಿಂದ 932ಕ್ಕೆ ಹಿಗ್ಗಿಸಿ ನೋಡಿದನು. ಬಿಲ್ಲೆ ಲೆಕ್ಕಕ್ಕೆ ಸರಿಯಾಗಿ ದೊಡ್ಡದಾಗುತ್ತಾ ಹೋಯಿತು. ಸುತ್ತಣ ನಕ್ಷತ್ರಗಳು ಹಾಗಾಗಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದಾಗ ಅದು ಸ್ಥಳ ಬಿಟ್ಟು ಸರಿದಿದ್ದಿತು. ಧೂಮಕೇತುವಿರಬೇಕೆಂದು ಅವನು ವರದಿ ಮಾಡಿದನು. ಲೆಕ್ಸೆಲ್ ಮುಂತಾದ ಗಣಿತಜ್ಞರು ಅದರ ಪಥವನ್ನು ಲೆಕ್ಕಹಾಕಿ, ಅದು ಶನಿಯಿಂದಾಚೆ ಸುಮಾರು ಎರಡರಷ್ಟು ದೂರದಲ್ಲಿ ಸೂರ್ಯನನ್ನು ಸುತ್ತುತ್ತಿರುವ ಗ್ರಹವೆಂದು ತೋರಿಸಿಕೊಟ್ಟರು.

ನಮ್ಮ ಜ್ಯೋತಿಷಿಗಳೆಣಿಸಿದ ತಾರಾಗ್ರಹಗಳು ಐದು. ಬಾಬಿಲೋನಿನವರೂ ಗ್ರೀಕರೂ ಎಣಿಸಿದ್ದು ಅವೇ ಐದು. ಚರಿತ್ರೆ ಬಲ್ಲಂದಿನಿಂದ ಈ ಎಣಿಕೆ ಬದಲಾಗಿರಲಿಲ್ಲ. ಸೌರಮಂಡಲದ ಅಗಲ ಒಂದೇ ವರ್ಷದಲ್ಲಿ ಎರಡರಷ್ಟಾಯಿತು. ಸ್ವಾರಸ್ಯದ ಸಂಗತಿಯೆಂದರೆ ಅದನ್ನು ಹರ್ಷೆಲನಿಗಿಂತ ಮೊದಲೇ ಕಂಡವರಿದ್ದರು. ಫ್ಲ್ಯಾಮ್‌ಸ್ಟೀಡನು 1690ರಲ್ಲಿಯೇ ಅದನ್ನು ನಕ್ಷತ್ರವೆಂದು ಪಟ್ಟಿಯಲ್ಲಿ ಬರೆದಿದ್ದನು. ಪ್ಯಾರಿಸ್ಸಿನ ಲ ಮೊನಿಯೆ ಅದನ್ನು ಹಲವಾರು ಬಾರಿ ನೋಡಿಯೂ ಗುರುತಿಸದೆ ಹೋಗಿದ್ದನು. ಕಣ್ಣಿಗೆ ಬಿದ್ದರೆ ಸಾಲದು, ಬಿಂಬ ತಿಳಿಯಾಗಿರಬೇಕು, ನೋಡುವವನಿಗೆ ಅನುಮಾನವೂ ಹುಟ್ಟಬೇಕು. ತನ್ನ ಕನ್ನಡಿಯನ್ನು ತಾನೇ ಉಜ್ಜಿದವನಿಗೆ, ಅದು ತೋರಿಸಿದ ಬಿಲ್ಲೆ ಕನ್ನಡಿಯ ದೋಷವಲ್ಲವೆಂಬ ಧೈರ್ಯವಿದ್ದಿತು.

ಗ್ರಹಕ್ಕೆ ದೊರೆ ಮೂರನೆಯ ಜಾರ್ಜನ ಹೆಸರನ್ನಿಡಲು ಹರ್ಷೆಲನು ಬಯಸಿದನು. ಯುರೋಪಿನ ಉಳಿದ ವಿದ್ವಾಂಸರಿಗೆ ಅದು ರುಚಿಸಲಿಲ್ಲ. ಜರ್ಮನಿಯ ಬೋಡೆ ಸೂಚಿಸಿದ, ಪುರಾಣದಲ್ಲಿ ಶನಿಯ ತಂದೆಯಾದ ಯುರೇನಸ್ಸಿನ ಹೆಸರೇ ನಿಂತಿತು. ಹೆಸರು ನಿಲ್ಲದಿದ್ದರೂ ದೊರೆಯ ಮನಸ್ಸು ಒಲಿಯಿತು. 1782ರಲ್ಲಿ ವರ್ಷಕ್ಕೆ 200 ಪೌಂಡಿನ ವೇತನ ದೊರೆತು, ಹರ್ಷೆಲನು ಸಂಗೀತದ ವೃತ್ತಿಯನ್ನು ಬಿಟ್ಟು ಅರಮನೆಗೆ ಹತ್ತಿರವಾದ ಡ್ಯಾಚೆಟ್ಟಿಗೂ, 1786ರಲ್ಲಿ ಸ್ಲೌ ಎಂಬ ಊರಿಗೂ ಮನೆ ಬದಲಿಸಿದನು. ಸಂಗೀತದಿಂದ ಬರುತ್ತಿದ್ದ ಆದಾಯಕ್ಕೆ ಇದು ಕಡಿಮೆಯೇ. ಕೊರತೆ ತುಂಬಲು ದೂರದರ್ಶಕಗಳನ್ನು ಮಾಡಿ ಮಾರಿದನು. ಅವನ ಕೈಯಿಂದ ಹೊರಟ ಕನ್ನಡಿಗಳು ನಾನೂರಕ್ಕೂ ಹೆಚ್ಚು.

ಎಲ್ಲ ಕನ್ನಡಿಗಳೂ ಕೈಗೂಡಿದುವೆಂದಲ್ಲ. ಗ್ರಹ ಕಂಡ ವರ್ಷವೇ, ಆಗಸ್ಟಿನಲ್ಲಿ, ಮೂರಡಿ ಅಗಲದ ಕನ್ನಡಿಯೊಂದಕ್ಕೆ ಮನೆಯ ಕೆಳ ಅಂತಸ್ತಿನಲ್ಲಿ ಎರಕ ಹೊಯ್ಯಲಾಯಿತು. ಐನೂರು ಪೌಂಡಿಗೂ ಮಿಕ್ಕ ಲೋಹ. ಮೊದಲ ಸಲ ಬಿಲ್ಲೆ ತಣಿಯುವಾಗ ಸೀಳಿತು. ಎರಡನೆಯ ಸಲ ಕುಲುಮೆಯೇ ಸೋರಿ, ಕಾದ ಲೋಹ ಕಲ್ಲುಹಾಸಿನ ಮೇಲೆ ಹರಿಯಿತು. ಕಲ್ಲುಗಳು ಸಿಡಿದು ಸೂರಿನವರೆಗೂ ಹಾರಿದವು. ಹರ್ಷೆಲನೂ ಅವನ ತಮ್ಮನೂ ಕೆಲಸದವರೂ ದಿಕ್ಕಾಪಾಲಾಗಿ ಓಡಿದರು. ಬಳಲಿದ ಹರ್ಷೆಲನು ಇಟ್ಟಿಗೆಯ ರಾಶಿಯ ಮೇಲೆ ಕುಸಿದನು. ಯಾರ ಪ್ರಾಣಕ್ಕೂ ಅಪಾಯವಾಗದೆ ಉಳಿದುದೇ ಪುಣ್ಯ.

1783ರಲ್ಲಿ ಸಿದ್ಧವಾದ ಇಪ್ಪತ್ತಡಿಯ ದೂರದರ್ಶಕವೇ ಅವನ ನಿಜವಾದ ಜೊತೆಗಾರ. ಹತ್ತೊಂಬತ್ತು ಅಂಗುಲಕ್ಕೆ ಸ್ವಲ್ಪ ಕಡಿಮೆ ಅಗಲದ ಕನ್ನಡಿ. ಎತ್ತರದ ಅಟ್ಟಣಿಗೆಯ ಮೇಲೆ ಕತ್ತಲಲ್ಲಿ ಅಣ್ಣ. ಕೆಳಗೆ ಕಿಟಕಿಯ ಬಳಿ ದೀಪ, ಗಡಿಯಾರ, ನಕ್ಷತ್ರಪಟ್ಟಿಗಳೊಡನೆ ತಂಗಿ. ದೀಪದತ್ತ ತಿರುಗಿದರೆ ಕತ್ತಲಿಗೆ ಪಳಗಿದ ಕಣ್ಣು ಕೆಡುತ್ತದೆ. ಆದ್ದರಿಂದ ಅವನು ಕಂಡುದನ್ನು ಕೂಗಿ ಹೇಳುವನು, ಆಕೆ ವೇಳೆಯೊಡನೆ ಬರೆದುಕೊಳ್ಳುವಳು, ಹಗಲಿನಲ್ಲಿ ಲೆಕ್ಕ ಮಾಡಿ ಪಟ್ಟಿಗೆ ಇಳಿಸುವಳು. ಚಳಿಗಾಲದಲ್ಲಿ ದೌತಿಯ ಮಸಿ ಹೆಪ್ಪುಗಟ್ಟುತ್ತಿತ್ತು. 1783ರ ಕೊನೆಯ ರಾತ್ರಿ, ಹಿಮ ಕರಗಿದ ನೆಲದಲ್ಲಿ ಓಡುವಾಗ ಆಕೆ ಜಾರಿಬಿದ್ದು, ಯಂತ್ರದ ಕಬ್ಬಿಣದ ಕೊಕ್ಕೆಯೊಂದು ಮೊಣಕಾಲಿನ ಮೇಲ್ಗಡೆ ನಾಟಿತು. ಎತ್ತಿ ಬಿಡಿಸುವಾಗ ಮಾಂಸದ ತುಂಡು ಕೊಕ್ಕೆಯಲ್ಲೇ ಉಳಿಯಿತು. ಆ ರಾತ್ರಿಯ ಉಳಿದ ಭಾಗ ಮೋಡ ಕವಿದಿದ್ದುದರಿಂದ ಅಣ್ಣನ ಕೆಲಸಕ್ಕೆ ನಷ್ಟವಾಗಲಿಲ್ಲವೆಂದು ಆಕೆ ಸಮಾಧಾನಪಟ್ಟುಕೊಂಡಳಂತೆ! ಇದಕ್ಕೆ ಏನು ಹೇಳಬೇಕೋ ನನಗೆ ತೋಚದು.

ಇಪ್ಪತ್ತು ವರ್ಷಗಳ ಈ ಜೊತೆಗೆಲಸದಿಂದ ಎರಡೂವರೆ ಸಾವಿರ ನೀಹಾರಿಕೆಗಳೂ ನಕ್ಷತ್ರಗುಚ್ಛಗಳೂ ಪಟ್ಟಿಯಾದವು. ಅದಕ್ಕೆ ಮುಂಚೆ ಯುರೋಪಿನವರಿಗೆ ತಿಳಿದಿದ್ದುದು ನೂರರ ಆಸುಪಾಸು. ಅಣ್ಣ ಊರಲ್ಲಿಲ್ಲದ ರಾತ್ರಿಗಳಲ್ಲಿ ತಂಗಿ ತನ್ನ ಚಿಕ್ಕ ಯಂತ್ರದಿಂದ ಆಕಾಶವನ್ನು ಗುಡಿಸುವಳು. 1786ರ ಆಗಸ್ಟ್ 1ರಂದು ಆಕೆಗೆ ಒಂದು ಧೂಮಕೇತು ಕಂಡಿತು. 1797ರ ವೇಳೆಗೆ ಅಂಥವು ಎಂಟಾದವು. 1787ರಲ್ಲಿ ದೊರೆ ಆಕೆಗೂ ವರ್ಷಕ್ಕೆ 50 ಪೌಂಡು ಗೊತ್ತುಮಾಡಿದನು. ಇಂಗ್ಲೆಂಡಿನಲ್ಲಿ ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಹೆಂಗಸು ಆಕೆಯೆಂದು ಎಣಿಸುತ್ತಾರೆ. ಬದುಕಿನಲ್ಲಿ ತನ್ನ ಇಷ್ಟದಂತೆ ವೆಚ್ಚಮಾಡಬಹುದಾದ ಹಣವನ್ನು ಆಕೆ ಕಂಡುದು ಆಗಲೇ, ಮೂವತ್ತೇಳನೆಯ ವಯಸ್ಸಿನಲ್ಲಿ.

ಮರುವರ್ಷ ಹರ್ಷೆಲನು ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾದನು. ಮನೆಯ ಯಜಮಾನಿಕೆ ಕ್ಯಾರೊಲಿನಳ ಕೈತಪ್ಪಿತು. ಆಕೆ ಬೇರೆ ಬಿಡಾರಕ್ಕೆ ಹೋಗಿ, ಅಲ್ಲಿಂದ ದಿನವೂ ಕೆಲಸಕ್ಕೆ ಬರತೊಡಗಿದಳು. ಆ ನಂತರದ ಹತ್ತು ವರ್ಷಗಳ ದಿನಚರಿಯನ್ನು ಆಕೆ ಮುಂದೆ ತಾನೇ ನಾಶಮಾಡಿದಳು. ಅದರಲ್ಲಿ ಏನಿದ್ದಿರಬಹುದೆಂದು ಕೆದಕುವುದು ಸಭ್ಯತೆಯಲ್ಲ. ಅತ್ತಿಗೆಯೊಡನೆ ಮುಂದೆ ಸ್ನೇಹವೇ ಬೆಳೆಯಿತು. 1792ರಲ್ಲಿ ಹುಟ್ಟಿದ ಅಣ್ಣನ ಮಗ ಜಾನ್ ಆಕೆಯ ಪ್ರಾಣವಾದನು.

ಸ್ಲೌ ಊರಿನ ನಲವತ್ತಡಿಯ ಮಹಾಯಂತ್ರದ ಕೀರ್ತಿ ಯುರೋಪೆಲ್ಲ ಹಬ್ಬಿದ್ದಿತು. ನಾಲ್ಕಡಿ ಅಗಲದ ಕನ್ನಡಿ. ದೊರೆಯ ಬೊಕ್ಕಸದಿಂದ 4000 ಪೌಂಡು. ಕೊಳವೆ ಇನ್ನೂ ಹುಲ್ಲಿನ ಮೇಲೆ ಮಲಗಿದ್ದಾಗ ದೊರೆ ಧರ್ಮಾಧಿಕಾರಿಯೊಬ್ಬನ ಕೈಹಿಡಿದು ಅದರೊಳಗೆ ನಡೆದುಹೋದನಂತೆ. 1789ರಲ್ಲಿ ಅದು ಮುಗಿಯಿತು. ಆ ವರ್ಷವೇ ಹರ್ಷೆಲನು ಶನಿಯ ಎರಡು ಹೊಸ ಉಪಗ್ರಹಗಳನ್ನು ಪ್ರಕಟಿಸಿದನು. ನ್ಯೂಟನ್ನನ ಕ್ರಮದಲ್ಲಿ ಬೆಳಕು ಎರಡು ಕನ್ನಡಿಗಳಿಂದ ಪ್ರತಿಫಲಿಸಬೇಕು. ಲೋಹದ ಕನ್ನಡಿ ಪ್ರತಿ ಸಲವೂ ಬೆಳಕಿನ ಮೂರನೆಯ ಒಂದಂಶಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತದೆ. ಹರ್ಷೆಲನು ದೊಡ್ಡ ಕನ್ನಡಿಯನ್ನೇ ಸ್ವಲ್ಪ ಓರೆಯಾಗಿರಿಸಿ, ಕೊಳವೆಯ ಬಾಯಿಯ ಅಂಚಿನಲ್ಲಿ ನಿಂತು ನೋಡುವಂತೆ ಮಾಡಿ, ಎರಡನೆಯ ಕನ್ನಡಿಯನ್ನೇ ತೆಗೆದುಹಾಕಿದನು. ಆದರೂ ಈ ಯಂತ್ರ ಆನೆ ಸಾಕಿದಂತಾಯಿತು. ತಿರುಗಿಸಲು ಆಳುಗಳು ಬೇಕು. ಕನ್ನಡಿ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಮಂಜು ಹಿಡಿದು ಕಿಲುಬುತ್ತದೆ. ಜಗತ್ತೆಲ್ಲ ಬಂದು ನೋಡಿ ಬೆರಗಾದುದು ಇದನ್ನು. ಹರ್ಷೆಲನು ಕೆಲಸ ಮಾಡಿದುದು ಬಹುಪಾಲು ಇಪ್ಪತ್ತಡಿಯದರಲ್ಲಿ.

ಗ್ರಹಕ್ಕಿಂತಲೂ ಹಿರಿದೆಂದು ನಾನು ಎಣಿಸುವುದು ಅವನು ಆಕಾಶಕ್ಕೆ ಆಳವನ್ನು ಕೊಟ್ಟುದನ್ನು. ಅದುವರೆಗಿನ ಖಗೋಳಜ್ಞರಿಗೆ ನಕ್ಷತ್ರಗಳೆಂದರೆ ಗ್ರಹಗಳ ಚಲನೆಯನ್ನಳೆಯಲು ಹಿನ್ನೆಲೆಯ ಪರದೆ. ಆ ಪರದೆಯ ಹಿಂದಕ್ಕೆ ಹೋಗಬೇಕೆಂದು ಅವನು ಆಶಿಸಿದನು. ಆಕಾಶದ ನೂರಾರು ಕಡೆಗಳಲ್ಲಿ ದೂರದರ್ಶಕವನ್ನಿಟ್ಟು, ಒಂದೊಂದು ನೋಟದಲ್ಲಿಯೂ ಎಷ್ಟು ನಕ್ಷತ್ರಗಳಿವೆಯೆಂದು ಎಣಿಸಿದನು. ಕೆಲವೆಡೆ ಒಂದೆರಡು, ಕ್ಷೀರಪಥದಲ್ಲಿ ಐನೂರಕ್ಕೂ ಮಿಕ್ಕಿ. ನಕ್ಷತ್ರಗಳು ಸರಿಸಮನಾಗಿ ಹರಡಿವೆ, ತನ್ನ ಯಂತ್ರಕ್ಕೆ ಅಂಚಿನವರೆಗೂ ಕಾಣುತ್ತದೆ ಎಂದು ಇಟ್ಟುಕೊಂಡರೆ, ಹೆಚ್ಚು ಕಂಡ ಕಡೆ ಹೆಚ್ಚು ದೂರ. ಹೀಗೆ 1785ರಲ್ಲಿ ಅವನು ಕ್ಷೀರಪಥದ ಮೊದಲ ನಕ್ಷೆಯನ್ನು ಬರೆದನು: ಅಂಚು ಹರಿದ ಚಪ್ಪಟೆಯ ಬಿಲ್ಲೆ, ಅದರ ನಡುವಿನ ಹತ್ತಿರ ನಮ್ಮ ಸೂರ್ಯ. ಅಷ್ಟು ಹೊತ್ತಿಗೆ, ಸೂರ್ಯನೂ ತನ್ನ ಪರಿವಾರದೊಡನೆ ಹರ್ಕ್ಯುಲಿಸ್ ಪುಂಜದ ಕಡೆಗೆ ಸಾಗುತ್ತಿದ್ದಾನೆಂಬುದನ್ನು ಅವನು 1783ರಲ್ಲಿಯೇ ತೋರಿಸಿದ್ದನು.

ಚಪ್ಪಟೆಯೆಂಬುದು ಸರಿ, ನಡುವೆಯೆಂಬುದು ತಪ್ಪು. ಅಂತರಿಕ್ಷದ ಧೂಳು ದೂರದ ನಕ್ಷತ್ರಗಳನ್ನು ಮರೆಮಾಡುತ್ತದೆಂಬುದನ್ನು 1930ರಲ್ಲಿ ಟ್ರಂಪ್ಲರನು ಸಿದ್ಧಪಡಿಸಿದನು. ಮಂಜಿನಲ್ಲಿ ನಿಂತವನಿಗೆ ತಾನೇ ಬಯಲಿನ ನಡುವೆ ಇದ್ದಂತೆ ತೋರುವುದಿಲ್ಲವೆ? ಸೂರ್ಯನು ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆಂದು ಇಂದು ನಾವು ಬಲ್ಲೆವು. ಆದರೆ ತನ್ನ ನಕ್ಷೆಯನ್ನು ಮೊದಲು ಹರಿದುಹಾಕಿದವನು ಹರ್ಷೆಲನೇ. ದೊಡ್ಡ ಕನ್ನಡಿಗಳಿಗೆ ಇನ್ನೂ ಹಿಂದೆ ನಕ್ಷತ್ರಗಳು ಕಂಡವು; ಅಂಚು ಸಿಕ್ಕಲಿಲ್ಲ. ಸರಿಸಮನಾದ ಹರಡಿಕೆಯೂ ನಿಜವಲ್ಲವೆಂದು ತಿಳಿಯಿತು. 1811ರಿಂದ ಮುಂದಿನ ಲೇಖನಗಳಲ್ಲಿ, ತನ್ನ ಎಪ್ಪತ್ತರ ದಶಕದಲ್ಲಿ, ಅವನು ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ನೀಹಾರಿಕೆಗಳ ವಿಷಯದಲ್ಲಿಯೂ ಹೀಗೆಯೇ. ಅವೆಲ್ಲ ದೂರದ ನಕ್ಷತ್ರಗಳ ಗುಂಪುಗಳೇ ಎಂದು ಮೊದಲು ಬಗೆದಿದ್ದನು. 1790ರ ನವೆಂಬರಿನಲ್ಲಿ ಒಂದು ನಕ್ಷತ್ರದ ಸುತ್ತ ಮಸುಕಾದ ಪ್ರಭೆ ಕಂಡಾಗ, ನಕ್ಷತ್ರಗಳಲ್ಲದ ಹೊಳೆಯುವ ದ್ರವ್ಯವೂ ಉಂಟೆಂದು ಮತವನ್ನು ತಿದ್ದಿಕೊಂಡನು. ಜೀವಮಾನದ ಸಿದ್ಧಾಂತವನ್ನು ಮುಪ್ಪಿನಲ್ಲಿ ಕೈಬಿಡುವ ಈ ಧೈರ್ಯ ನಮ್ಮ ಸಾಹಿತ್ಯವಿಮರ್ಶಕರಲ್ಲಿ ಎಷ್ಟು ಮಂದಿಗಿದೆಯೋ ಕಾಣೆ.

ಯಮಳ ನಕ್ಷತ್ರಗಳನ್ನು ಅವನು ಪಟ್ಟಿಮಾಡಿದುದು ನಕ್ಷತ್ರಗಳ ದೂರವನ್ನಳೆಯಲು. ಆ ಅಳತೆ ಅವನಿಗೆ ಸಾಧಿಸಲಿಲ್ಲ. ಇಪ್ಪತ್ತು ವರ್ಷ ಬಿಟ್ಟು ಮತ್ತೆ ನೋಡಿದಾಗ ಅವುಗಳಲ್ಲಿ ಹಲವು ಒಂದನ್ನೊಂದು ಸುತ್ತುತ್ತಿದ್ದವು. ನ್ಯೂಟನ್ನನ ಗುರುತ್ವ ಸೌರಮಂಡಲದ ಆಚೆಯೂ ನಡೆಯುತ್ತದೆಂಬುದಕ್ಕೆ ಅದು ಮೊದಲ ಸಾಕ್ಷಿ. 1800ರಲ್ಲಿ ಸೂರ್ಯನ ಬೆಳಕನ್ನು ಅಶ್ರಗದಿಂದ ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತಿದ್ದಾಗ, ಕೆಂಪಿನಿಂದಾಚೆ ಬಣ್ಣವೇ ಇಲ್ಲದೆಡೆಯಲ್ಲಿ ಪಾದರಸ ಇನ್ನೂ ಏರಿತು. ಕಣ್ಣಿಗೆ ಕಾಣದ ಬೆಳಕು! ಇಂದು ಅವಕೆಂಪು ಕಿರಣಗಳೆನ್ನುವುದು ಇವನ್ನೇ. ಅವನಿಗೆ ಅಡ್ಡಬಂದ ಧೂಳನ್ನು ತೂರಿ ಬರುವುದೂ ಇವೇ. 2021ರ ಡಿಸೆಂಬರ್ 25ರಂದು ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕದ ಆರೂವರೆ ಮೀಟರು ಅಗಲದ, ಚಿನ್ನದ ಲೇಪವುಳ್ಳ ಕನ್ನಡಿ ಅರಸುವುದು ಈ ಕಿರಣಗಳನ್ನು. 2009ರಿಂದ 2013ರವರೆಗೆ ಅಂತರಿಕ್ಷದಲ್ಲಿ ಕೆಲಸಮಾಡಿದ ಯುರೋಪಿನ ಅಂಥದೇ ಯಂತ್ರಕ್ಕೆ ಹರ್ಷೆಲನ ಹೆಸರನ್ನೇ ಇಟ್ಟಿದ್ದರು.

ಅವನ ಎಣಿಕೆಗಳೆಲ್ಲ ಇಷ್ಟು ಗಟ್ಟಿಯಾಗಿರಲಿಲ್ಲ. ಸೂರ್ಯನ ಉರಿಯುವ ಹೊದಿಕೆಯ ಕೆಳಗೆ ತಂಪಾದ ನೆಲವಿದ್ದು ಅಲ್ಲಿ ಜೀವಿಗಳಿರಬಹುದೆಂದು ಅವನು ನಂಬಿದ್ದನು. ದೂರದರ್ಶಕ ಕಾಲವನ್ನೂ ತೂರಿ ನೋಡುತ್ತದೆಂಬುದನ್ನು ಸ್ಪಷ್ಟವಾಗಿ ಕಂಡವನೂ ಇವನೇ. ಯುರೇನಸ್ಸಿನ ಬೆಳಕು ನಮಗೆ ಬರಲು ಎರಡೂವರೆ ಗಂಟೆಗೂ ಹೆಚ್ಚು ಬೇಕು. ಅತಿದೂರದ ನೀಹಾರಿಕೆಗಳ ಬೆಳಕು ಹೊರಟು ಇಪ್ಪತ್ತು ಲಕ್ಷ ವರ್ಷಗಳಷ್ಟು ಆಗಿರಬೇಕೆಂದು 1802ರಲ್ಲಿ ಅವನು ಬರೆದನು. ಸೃಷ್ಟಿಗೆ ಆರು ಸಾವಿರ ವರ್ಷವೆಂದು ಬಹುಜನ ನಂಬಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

1816ರಲ್ಲಿ ಅವನಿಗೆ ನೈಟ್ ಪದವಿ ದೊರೆಯಿತು. 1822ರ ಆಗಸ್ಟ್ 25ರಂದು ಸ್ಲೌ ಊರಿನಲ್ಲಿ ತೀರಿಕೊಂಡನು. ಅವನ ಆಯುಸ್ಸು ಎಂಬತ್ತಮೂರು ವರ್ಷ ಒಂಬತ್ತು ತಿಂಗಳು. ಯುರೇನಸ್ ಸೂರ್ಯನನ್ನು ಒಂದು ಸುತ್ತು ಬರಲು ಎಂಬತ್ತನಾಲ್ಕು ವರ್ಷ ಬೇಕು.

ಅಣ್ಣನಿಲ್ಲದ ಊರಿನಲ್ಲಿರಲಾರದೆ ಕ್ಯಾರೊಲಿನಳು ಐವತ್ತು ವರ್ಷಗಳ ಮೇಲೆ ಹನೋವರಿಗೆ ಹಿಂದಿರುಗಿದಳು. ಎದುರು ಮನೆಗಳ ಮಾಡುಗಳು ಅಲ್ಲಿ ಆಕಾಶವನ್ನು ಮರೆಮಾಡಿದ್ದವು. ನೋಡಲಾಗದಿದ್ದರೇನು, ಲೆಕ್ಕ ಮಾಡಬಹುದಲ್ಲ. ಎರಡೂವರೆ ಸಾವಿರ ನೀಹಾರಿಕೆಗಳನ್ನೂ ವಲಯವಲಯವಾಗಿ ಜೋಡಿಸಿ, ಮತ್ತೆ ನೋಡುವುದಕ್ಕೆ ಅನುಕೂಲವಾಗುವಂತೆ ಅಣ್ಣನ ಮಗನಿಗೆ ಕಳುಹಿಸಿದಳು. ಅದಕ್ಕಾಗಿ 1828ರಲ್ಲಿ ಲಂಡನ್ನಿನ ಖಗೋಳ ಸಂಘ ಆಕೆಗೆ ಚಿನ್ನದ ಪದಕವನ್ನಿತ್ತಿತು. ಆ ಪದಕ ಇನ್ನೊಬ್ಬ ಹೆಂಗಸಿಗೆ, ವೇರಾ ರೂಬಿನ್ನಳಿಗೆ, ದೊರೆತುದು 1996ರಲ್ಲಿ. ಯುರೇನಸ್ಸಿನ ನಡೆಯಲ್ಲಿ ಕಂಡ ಸಣ್ಣ ವ್ಯತ್ಯಾಸವನ್ನು ಲೆಕ್ಕಹಾಕಿ 1846ರಲ್ಲಿ ನೆಪ್ಚೂನನ್ನು ಕಂಡುಹಿಡಿದಾಗ ಆಕೆಗೆ ತೊಂಬತ್ತಾರು ವರ್ಷ. ನಲವತ್ತಡಿಯ ಯಂತ್ರವನ್ನು ಅಷ್ಟರಲ್ಲಿ ಜಾನನು ಕಳಚಿ ನೆಲಕ್ಕಿಳಿಸಿದ್ದನು. ಅದರ ಕೊಳವೆಯ ಒಂದು ತುಂಡು ಗ್ರೀನಿಚ್ಚಿನಲ್ಲಿದೆ. 1848ರ ಜನವರಿ 9ರಂದು ಕ್ಯಾರೊಲಿನಳು ತೀರಿಕೊಂಡಳು. ಆಕೆಯ ಇಷ್ಟದಂತೆ ಶವಪೆಟ್ಟಿಗೆಯಲ್ಲಿ ತಂದೆಯ ಹಳೆಯ ಪಂಚಾಂಗವೊಂದನ್ನೂ ವಿಲಿಯಂನ ತಲೆಗೂದಲಿನ ಒಂದು ಎಳೆಯ ಕಟ್ಟನ್ನೂ ಇಟ್ಟರು.